ಚಳಿಯ ಮೇಲೊಂದು ಸುಳ್ಳು ಕೇಸು

ಡಿಸೆಂಬರ್ ಹುಟ್ಟಿತೆಂದರೆ ಚಳ್ಳಕೆರೆ ಸೀಮೆಯಲ್ಲಿ ಒಬ್ಬ ಆರೋಪಿ ರೆಡಿಯಾಗುತ್ತಾನೆ. ಅವನಿಗೆ ವಕೀಲರಿಲ್ಲ, ಜಾಮೀನಿಲ್ಲ, ಬಾಯಂತೂ ಮೊದಲೇ ಇಲ್ಲ. ತಳಕಿನ ಆಚೆ ಹೆದ್ದಾರಿ ಬದಿಯಲ್ಲಿ ಮುಂಜಾನೆ ಒಂದು ಬ್ಯಾಟರಿ ಗಾಡಿ ಜೀವ ಬಿಟ್ಟು ನಿಂತರೆ ಸಾಕು. ಶೋರೂಮಿನ ಹುಡುಗನಿಂದ ಹಿಡಿದು ಚಹಾ ಅಂಗಡಿಯ ಬೆಂಚಿನ ತನಕ ಎಲ್ಲರದೂ ಒಂದೇ ತೀರ್ಪು: "ಚಳಿ ಸಾರ್, ಚಳಿ. ಚಳಿಗೆ ಬ್ಯಾಟ್ರಿ ಇಳಿದೋಗೈತೆ." ಅಲ್ಲಿಗೆ ತನಿಖೆ ಮುಗಿಯಿತು, ಪಂಚನಾಮೆ ಆಯಿತು, ಫೈಲು ಕಟ್ಟಿಟ್ಟರು. ಗಾಡಿ ಮಾತ್ರ ಅಲ್ಲೇ ನಿಂತಿರುತ್ತದೆ.

ಆರೋಪಿಯ ಯೋಗ್ಯತೆಯನ್ನು ಒಮ್ಮೆ ನೋಡೋಣ. ಚಳ್ಳಕೆರೆ, ಮೊಳಕಾಲ್ಮುರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳು. ಇಲ್ಲಿ ಬಿಸಿಲಿಗೆ ಖಾಯಂ ಹುದ್ದೆ, ಮಳೆಗೆ ಅತಿಥಿ ಉಪನ್ಯಾಸಕರ ಹುದ್ದೆ. ಚಳಿಯದು ದಿನಗೂಲಿ. ಡಿಸೆಂಬರ್ ಜನವರಿಯ ನಸುಕಿನಲ್ಲಿ ಬಂದು ಹನ್ನೆರಡು, ಹದಿನಾಲ್ಕು ಡಿಗ್ರಿಯ ಆಸುಪಾಸು ಹಾಜರಿ ಹಾಕಿ, ಒಂಬತ್ತು ಗಂಟೆಗೆಲ್ಲ ಕೈಚೀಲ ಹಿಡಿದು ಹೊರಟುಬಿಡುತ್ತದೆ. ಮಧ್ಯಾಹ್ನಕ್ಕೆ ಅದೇ ಊರಲ್ಲಿ ಜನ ನೆರಳು ಹುಡುಕುತ್ತಿರುತ್ತಾರೆ. ಇಂಥ ಬಡಪಾಯಿ ಚಳಿ ಒಂದು ಲಕ್ಷ ರೂಪಾಯಿಯ ಗಾಡಿಯನ್ನು ಕೊಂದಿತು ಎಂಬ ದೂರನ್ನು ನಂಬುವ ಮೊದಲು, ಇದು ಕುರಿ ಉಣ್ಣೆಯ ಕಂಬಳಿ ನೇಯುವ ಸೀಮೆ ಎಂಬುದನ್ನಾದರೂ ನೆನಪಿಟ್ಟುಕೊಳ್ಳಬೇಕು. ತಲೆತಲಾಂತರದಿಂದ ಒಂದು ಕರಿ ಕಂಬಳಿಯಿಂದ ಜನ ಓಡಿಸಿಕೊಂಡು ಬಂದ ಚಳಿ ಇದು. ಇದಕ್ಕೆ ಈಗ ಕೊಲೆ ಆರೋಪ.

ಚಳ್ಳಕೆರೆಯನ್ನು ಎಣ್ಣೆ ನಗರಿ ಎನ್ನುತ್ತಾರೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ಬಂದ ಹೆಸರು. ಅಂಥ ಊರಿಗೆ ಒಂದು ತೊಟ್ಟೂ ಎಣ್ಣೆ ಕುಡಿಯದ ಗಾಡಿ ಬಂದು ನೆಲೆಯಾಗಿದ್ದನ್ನು ನಾನಂತೂ ಸ್ವಾಗತಿಸಿದವನು. ಪೆಟ್ರೋಲ್ ನೂರು ರೂಪಾಯಿ ದಾಟಿದ ಮೇಲೆ ಮೂರ್ನಾಲ್ಕು ಯೂನಿಟ್ ಕರೆಂಟಿನಲ್ಲಿ ಹೋಗಿಬರುವ ಗಾಡಿಯನ್ನು ಬೇಡ ಎನ್ನುವವನು ಒಂದೋ ಶ್ರೀಮಂತ, ಇಲ್ಲವೇ ಪೆಟ್ರೋಲ್ ಬಂಕಿನ ಮಾಲೀಕ. ಗೃಹಜ್ಯೋತಿ ಬಂದ ಮೇಲಂತೂ ಸಂಭ್ರಮ ಇಮ್ಮಡಿಯಾಯಿತು. ಸರ್ಕಾರ ದೀಪ ಉರಿಸಲು ಕೊಟ್ಟ ಯೂನಿಟ್ಟಿನಲ್ಲಿ ಜನ ಸಂತೆಗೂ ಹೋಗಿಬಂದರು. ಸರಾಸರಿ ಬಳಕೆಯ ಮೇಲೆ ಹತ್ತು ಪರ್ಸೆಂಟ್ ಎಂಬ ಗೆರೆ ದಾಟಿ ಬಿಲ್ ಬಂದಾಗ ಮಾತ್ರ ಮನೆಯೊಳಗೆ ಯಾರ ಗಾಡಿಯಿಂದ ಬಂತು, ಯಾರ ಮಿಕ್ಸಿಯಿಂದ ಬಂತು ಎಂಬ ಬೇರೆ ವಿಚಾರಣೆ ಶುರುವಾಯಿತು. ಅದು ಸಂಸಾರದ ವಿಷಯ, ಬಿಡಿ.

ಚಳಿಯ ಮೇಲಿನ ಈ ದೂರು ಹುಟ್ಟಿದ್ದು ನಮ್ಮಲ್ಲಿ ಅಲ್ಲ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಹೆಚ್ಚುಕಮ್ಮಿ ಒಂಬತ್ತು ಬ್ಯಾಟರಿಯವು. ಅಲ್ಲಿ ಚಳಿ ಎಂದರೆ ಚಳಿ. ಅದೇ ವರ್ಷ ಜನವರಿಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಥಂಡಿ ಬಿದ್ದು, ಚಾರ್ಜಿಂಗ್ ಸ್ಟೇಷನ್ನುಗಳ ಮುಂದೆ ಕಾರುಗಳು ಗಂಟೆಗಟ್ಟಲೆ ಸಾಲು ನಿಂತು, ಕೆಲವು ಅಲ್ಲೇ ಕಣ್ಣು ಮುಚ್ಚಿದ ಸುದ್ದಿ ಲೋಕವೆಲ್ಲ ಸುತ್ತಿತು. ಸುತ್ತುತ್ತ ಸುತ್ತುತ್ತ ಅದು ಕನ್ನಡದ ಮೊಬೈಲಿಗೂ ಬಂತು. "ಚಳಿಗಾಲದಲ್ಲಿ ನಿಮ್ಮ ಇವಿ ಸ್ಕೂಟರ್ ಕಾಪಾಡಿಕೊಳ್ಳಲು ಹತ್ತು ಸೂತ್ರಗಳು" ಎಂದು ಹೆಸರಿಟ್ಟುಕೊಂಡು ಬಂತು. ಆ ಹತ್ತರಲ್ಲಿ ಒಂದು, ಹಿಮ ಬಿದ್ದಾಗ ಗಾಡಿ ಹೊರಗೆ ನಿಲ್ಲಿಸಬೇಡಿ ಎನ್ನುವುದು. ಇದನ್ನು ಓದಿ ನಾಯಕನಹಟ್ಟಿಯ ರೈತ ಆಕಾಶ ನೋಡಿದರೆ ತಪ್ಪಿಲ್ಲ. ಮಳೆಯನ್ನೇ ಕೇಳಿ ಕೇಳಿ ಸಾಕಾದವನಿಗೆ ಹಿಮದ ಎಚ್ಚರಿಕೆ ಕೊಟ್ಟರೆ ಅದನ್ನು ಅವನು ಶುಭ ಸೂಚನೆ ಎಂದೇ ತಿಳಿದುಕೊಂಡಾನು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತೇವಲ್ಲ. ಎತ್ತು ಇದ್ದದ್ದು ಶಿಕಾಗೋದಲ್ಲಿ, ಬರೆ ಬಿದ್ದದ್ದು ಪರಶುರಾಮಪುರದಲ್ಲಿ.

ಚಳಿಯನ್ನು ನಾನು ಪೂರ್ತಿ ಸಾಚಾ ಎನ್ನುತ್ತಿಲ್ಲ. ಅದರ ಕೈವಾಡ ಎಷ್ಟು ಎಂದು ಅಳೆಯೋಣ. ಈ ಗಾಡಿಗಳ ಲಿಥಿಯಂ ಬ್ಯಾಟರಿಯೊಳಗೆ ಒಂದು ದ್ರವ ಇರುತ್ತದೆ. ಗಾಡಿ ಓಡುವಾಗ ಲಿಥಿಯಂ ಅಯಾನುಗಳು ಆ ದ್ರವದಲ್ಲಿ ಈಜಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಬೇಕು, ಚಾರ್ಜ್ ಹಾಕಿದಾಗ ವಾಪಸು ಬರಬೇಕು. ಚಳಿಯಲ್ಲಿ ಆ ದ್ರವ ಮಂದವಾಗುತ್ತದೆ, ಈಜು ನಿಧಾನವಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಸೊನ್ನೆ ಡಿಗ್ರಿಗೆ ಇಳಿದರೆ ಬ್ಯಾಟರಿ ಕೊಡುವ ಶಕ್ತಿಯಲ್ಲಿ ಐದನೇ ಒಂದು ಪಾಲು ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೈನಸ್ ಇಪ್ಪತ್ತರಲ್ಲಿ ಅರ್ಧದ ಹತ್ತಿರ ಬರಬಹುದು. ಸೊನ್ನೆಗಿಂತ ಕೆಳಗೆ ಚಾರ್ಜ್ ಹಾಕಿದರೆ ಇನ್ನೂ ಅನಾಹುತ. ಲಿಥಿಯಂ ಗ್ರಾಫೈಟಿನ ಒಳಗೆ ಸೇರದೆ ಹೊರಮೈ ಮೇಲೆ ಲೋಹವಾಗಿ ಕೂತುಬಿಡುತ್ತದೆ. ಆ ಹಾನಿ ಶಾಶ್ವತ. ಅದಕ್ಕೇ ಬ್ಯಾಟರಿಯ ಕಾವಲುಗಾರನಾದ ಬಿಎಂಎಸ್ ಆ ಚಳಿಯಲ್ಲಿ ಚಾರ್ಜನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಇದು ಸೊನ್ನೆಯ ಕೆಳಗಿನ ಮಾತು. ಚಳ್ಳಕೆರೆಯ ಹದಿಮೂರು ಡಿಗ್ರಿಗೆ? ಆರೋಗ್ಯವಾಗಿರುವ ಲಿಥಿಯಂ ಬ್ಯಾಟರಿಗೆ ನೂರಕ್ಕೆ ಐದಾರು, ಹೆಚ್ಚೆಂದರೆ ಹತ್ತು ಕಡಿಮೆಯಾದೀತು. ಎಂಬತ್ತು ಕಿ.ಮೀ. ಹೋಗುವ ಗಾಡಿ ಎಪ್ಪತ್ತನಾಲ್ಕೋ ಎಪ್ಪತ್ತೈದೋ ಹೋದೀತು. ಬ್ರೇಕ್ ಹಿಡಿದಾಗ ಬ್ಯಾಟರಿಗೆ ವಾಪಸು ಬರುವ ಚೂರು ಕರೆಂಟೂ ಮೊದಲ ಕೆಲವು ಮೈಲಿ ಸರಿಯಾಗಿ ಬರಲಿಕ್ಕಿಲ್ಲ. ಟೈರಿನ ಗಾಳಿ ತುಸು ಇಳಿದಿರುತ್ತದೆ, ಅದೂ ಒಂದು ಕೈ ಸೇರಿಸುತ್ತದೆ. ಬಿಸಿಲೇರಿದರೆ ಇಷ್ಟೂ ವಾಪಸು. ಬ್ಯಾಟರಿಯ ಆಯಸ್ಸಿನಿಂದ ಚಳಿ ಒಂದು ದಿನವನ್ನೂ ಕದ್ದಿರುವುದಿಲ್ಲ. ಇಷ್ಟು ಚಿಲ್ಲರೆ ಅಪರಾಧಕ್ಕೆ ಕೊಲೆ ಕೇಸು ಹಾಕಿದರೆ ಯಾವ ಕೋರ್ಟು ಒಪ್ಪುತ್ತದೆ?

ಶೋರೂಮು ಒಪ್ಪುತ್ತದೆ.

ಚಳಿ ಎಂಬ ತೀರ್ಪನ್ನು ಕೇಳಿಕೊಂಡು ಬಂದ ಒಬ್ಬ ಮೇಷ್ಟ್ರು ರಾತ್ರಿ ಗಾಡಿಗೆ ಕಂಬಳಿ ಹೊದೆಸಲು ಶುರು ಮಾಡಿದರು. ಮನೆಯಾಕೆಗೆ ಇಲ್ಲದ ಉಪಚಾರ ಗಾಡಿಗೆ ಎಂದು ಓಣಿಯಲ್ಲಿ ಮಾತಾಯಿತು. ಕಂಬಳಿ ಹೊದ್ದ ಮನುಷ್ಯ ಬೆಚ್ಚಗಾಗುವುದು ಅವನ ಮೈಯಲ್ಲೇ ಕಾವು ಇರುವುದರಿಂದ. ರಾತ್ರಿಯಿಡೀ ಸುಮ್ಮನೆ ನಿಂತ ಸ್ಕೂಟರಿಗೆ ಆ ಕಾವು ಎಲ್ಲಿಂದ ಬರಬೇಕು? ಆದರೂ ಮೇಷ್ಟ್ರು ಬಿಡಲಿಲ್ಲ. "ಮನಸ್ಸಿಗೊಂದು ಸಮಾಧಾನ ಕಣಯ್ಯ" ಎಂದರು. ಸಮಾಧಾನ ಅವರಿಗೆ ಬಂತು, ಬ್ಯಾಟರಿಗೆ ಬರಲಿಲ್ಲ. ಇನ್ನೂ ಕಷ್ಟವೇನೆಂದರೆ ಕಂಬಳಿಯಡಿಯೇ ಚಾರ್ಜಿಗೂ ಹಾಕಿದರು. ಚಾರ್ಜ್ ಆಗುವಾಗ ಬ್ಯಾಟರಿಗೆ ತಾನಾಗಿ ಕಾವು ಹುಟ್ಟುತ್ತದೆ, ಚಾರ್ಜರಿಗೂ ಅಷ್ಟೇ. ಆ ಕಾವು ಹೊರಗೆ ಹೋಗಬೇಕು. ಅದರ ಮೇಲೆ ಕಂಬಳಿ ಹಾಕುವುದೆಂದರೆ ಇಲ್ಲದ ರೋಗಕ್ಕೆ ಔಷಧಿ ಕೊಟ್ಟು ಇರುವ ಆರೋಗ್ಯವನ್ನು ಕೆಡಿಸುವುದು.

ಈಗ ಚಳಿಯ ಜೊತೆಗಿದ್ದ ಉಳಿದವರ ಹೇಳಿಕೆ ಪಡೆಯೋಣ. ಮೊದಲು ಕಂಪನಿಯ ಜಾಹೀರಾತು. ಒಂದು ಚಾರ್ಜಿಗೆ ಇಷ್ಟು ಕಿ.ಮೀ. ಎಂದು ದೊಡ್ಡ ಅಕ್ಷರದಲ್ಲಿ ಬರೆಯುವ ಆ ಅಂಕಿ ಸುಳ್ಳಲ್ಲ, ಜಾಣತನದ್ದು ಅಷ್ಟೇ. ಅದು ಪರೀಕ್ಷಾ ಕೇಂದ್ರದ ಅಂಕಿ. ಅಲ್ಲಿ ಗಾಡಿ ಉರುಳೆಗಳ ಮೇಲೆ ನಿಂತಲ್ಲೇ ಓಡುತ್ತದೆ. ಗುಂಡಿಯಿಲ್ಲ, ಏರಿಲ್ಲ, ಎದುರುಗಾಳಿಯಿಲ್ಲ, ಎದುರು ಬರುವ ಲಾರಿಯಿಲ್ಲ. ಸವಾರ ಒಬ್ಬನೇ, ಅವನೂ ಆತುರವಿಲ್ಲದವನು. ನಮ್ಮಲ್ಲಿ ಗಾಡಿ ಹತ್ತುವುದು ಯಜಮಾನ, ಯಜಮಾನತಿ, ಮುಂದೆ ನಿಂತ ಮಗು, ಕಾಲ ಬಳಿ ಶೇಂಗಾ ಚೀಲ. ಶಾಸ್ತ್ರಕ್ಕೆ ಹ್ಯಾಂಡಲ್ಲಿಗೆ ತೂಗುಹಾಕಿದ ಬಾಳೆಹಣ್ಣಿನ ಕವರು. ಇಷ್ಟು ಜನ ಪುಣೆಯ ಪರೀಕ್ಷಾ ಕೇಂದ್ರಕ್ಕೆ ಹೋದರೆ ಗೇಟಿನಲ್ಲೇ ವಾಪಸು ಕಳಿಸುತ್ತಾರೆ.

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೆದ್ದಾರಿ 150ಎ ಹಿಡಿದು ತಳಕು, ಬಿ.ಜಿ. ಕೆರೆ, ಹಾನಗಲ್ ಮೇಲೆ ಹೋದರೆ ನಲವತ್ತು ಕಿ.ಮೀ. ದಾಟುತ್ತದೆ. ಹೋಗಿಬರುವುದೆಂದರೆ ಎಂಬತ್ತರ ಮೇಲಾಯಿತು. ಮಗಳ ಮದುವೆಗೆ ಮೊಳಕಾಲ್ಮುರು ಸೀರೆ ತರಲು ಹೊರಟವನು ಹೋಗುವಾಗ ರಾಜನಂತೆ ಹೋಗುತ್ತಾನೆ. ಮಗ್ಗದ ಮನೆಯ ಯಜಮಾನರ ಜೊತೆ ಚೌಕಾಸಿ ಮಾಡಿ, ಸೀರೆ ಕಟ್ಟಿಸಿಕೊಂಡು, ವಾಪಸು ಬರುವಾಗ ಬಿ.ಜಿ. ಕೆರೆ ಹತ್ತಿರ ಮೀಟರಿನಲ್ಲಿ ಹದಿನೈದು ಪರ್ಸೆಂಟ್ ನೋಡುತ್ತಾನೆ. ಆಗ ಅವನಿಗೆ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿ ನೆನಪಾಗುತ್ತಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂದರು ಸ್ವಾಮಿ. ಈ ಗಾಡಿ ನೂರಕ್ಕೆ ನೂರು ಮಾಡಿಸಿಕೊಂಡು ಅರವತ್ತು ನೀಡುತ್ತದೆ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿ ವಿದ್ಯುತ್ ಕಂಬಗಳನ್ನು ನೆಟ್ಟಿರುವುದು ಅಲಂಕಾರಕ್ಕಲ್ಲ. ಆಷಾಢದಲ್ಲಿ ಈ ಬಯಲಲ್ಲಿ ಬೀಸುವ ಗಾಳಿಗೆ ಮನೆ ಮೇಲಿನ ತಗಡೇ ನಿಲ್ಲುವುದಿಲ್ಲ. ಅದು ಬೀಸುವುದು ಪಡುವಣ, ತೆಂಕಣ ದಿಕ್ಕಿನಿಂದ. ಹಾಗಾಗಿ ಮೊಳಕಾಲ್ಮುರಿಗೆ ಹೋಗುವಾಗ ಬೆನ್ನು ತಟ್ಟಿ ಕಳಿಸುತ್ತದೆ, ಬರುವಾಗ ಎದೆಗೆ ಒದೆಯುತ್ತದೆ. ಲೆಕ್ಕ ಸರಳ. ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದು ಎದುರಿನಿಂದ 25 ಕಿ.ಮೀ. ಗಾಳಿ ಬೀಸಿದರೆ, ಗಾಡಿಯ ಪಾಲಿಗೆ ಅದು 75ರ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಒಂದಕ್ಕೆ ಎರಡೂಕಾಲು ಪಟ್ಟು ತಡೆ. ಜನವರಿಯ ಚಳಿ ಐದಾರು ಕಿ.ಮೀ. ತಿಂದರೆ ಆಷಾಢದ ಗಾಳಿ ಅದರ ಎರಡು ಮೂರು ಪಾಲು ತಿಂದು ತೇಗುತ್ತದೆ. ಆದರೂ ಗಾಳಿಯ ಮೇಲೆ ಯಾರೂ ದೂರು ಕೊಟ್ಟಿಲ್ಲ. ಗಾಳಿಗೆ ದೊಡ್ಡ ದೊಡ್ಡ ಕಂಪನಿಗಳ ಬೆಂಬಲ ಇದೆ. ಚಳಿಗೆ ಯಾರಿದ್ದಾರೆ?

ಇವರೆಲ್ಲ ಪಕ್ಕದ ಆರೋಪಿಗಳು. ಮುಖ್ಯ ಆರೋಪಿ ಇನ್ನೂ ನೆತ್ತಿಯ ಮೇಲೇ ಇದ್ದಾನೆ, ರಾಜಾರೋಷವಾಗಿ.

ಈ ಬ್ಯಾಟರಿಗೆ ಎಷ್ಟು ಕಾವು ಹಿತ ಎಂದು ಇಂಜಿನಿಯರನ್ನು ಕೇಳಬೇಕಿಲ್ಲ, ರೇಷ್ಮೆ ಹುಳು ಸಾಕಿದವರನ್ನು ಕೇಳಿ. ಮರಿಹುಳಕ್ಕೆ 26ರಿಂದ 28 ಡಿಗ್ರಿ, ಬೆಳೆದ ಹುಳಕ್ಕೆ 24, 25. ಅದಕ್ಕಿಂತ ಏರಿದರೆ ಹಸಿ ಗೋಣಿಚೀಲ ಕಟ್ಟುತ್ತಾರೆ, ನೀರು ಚಿಮುಕಿಸುತ್ತಾರೆ, ಕಿಟಕಿ ತೆಗೆಯುತ್ತಾರೆ, ರಾತ್ರಿ ಎದ್ದು ನೋಡಿಬರುತ್ತಾರೆ. ಬ್ಯಾಟರಿಯೂ ಹೆಚ್ಚುಕಮ್ಮಿ ಇದೇ ಜಾತಿಯ ಹುಳ. ಇಪ್ಪತ್ತರಿಂದ ಮೂವತ್ತರ ನಡುವೆ ಅದಕ್ಕೆ ಸ್ವರ್ಗ. ಮೂವತ್ತೈದು ದಾಟಿದ ಮೇಲೆ ಅದರ ಒಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಗ್ರಾಫೈಟಿನ ಮೇಲಿನ ಪೊರೆ ದಪ್ಪವಾಗುತ್ತ ಹೋಗಿ, ಅದಕ್ಕೆ ಲಿಥಿಯಂ ಖರ್ಚಾಗುತ್ತ, ಒಳತಡೆ ಹೆಚ್ಚುತ್ತ ಬ್ಯಾಟರಿ ಮುದಿಯಾಗುತ್ತದೆ. ಪ್ರತಿ ಹತ್ತು ಡಿಗ್ರಿ ಏರಿಕೆಗೆ ಈ ಮುಪ್ಪಿನ ವೇಗ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ ಎಂಬುದು ಈ ವಿದ್ಯೆಯ ಅಂದಾಜು ಸೂತ್ರ. ಹಾಗೆ ಹೋದ ಶಕ್ತಿ ಯಾವ ಕಾರ್ತಿಕದಲ್ಲೂ ಮರಳಿ ಬರುವುದಿಲ್ಲ.

ಹುಳದ ಮನೆಗೆ ಹಸಿ ಗೋಣಿ ಕಟ್ಟುವ ಅದೇ ಯಜಮಾನರು ಏಪ್ರಿಲ್ಲಿನಲ್ಲಿ ತಮ್ಮ ಗಾಡಿಯನ್ನು ಏನು ಮಾಡುತ್ತಾರೆ? ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿ ಮುಂದೆ ಬಟಾಬಯಲಲ್ಲಿ ನಿಲ್ಲಿಸುತ್ತಾರೆ. ಪಹಣಿಯ ತಿದ್ದುಪಡಿ ಮುಗಿಸಿ ಹೊರಬರುವಾಗ ಮೂರೂವರೆ. ಹೊರಗೆ ನಲವತ್ತು ಡಿಗ್ರಿ. ಸೀಟಿನ ಮೇಲೆ ಕೂತವರು ಕೂತಂತೆಯೇ ಎದ್ದು, ಟವೆಲ್ ಹಾಸಿ ಮತ್ತೆ ಕೂರುತ್ತಾರೆ. ಸೀಟಿನ ಅಡಿಯ ಬ್ಯಾಟರಿಗೆ ಟವೆಲ್ ಹಾಸುವವರಿಲ್ಲ. ಅದೇ ಬಿಸಿಯಲ್ಲಿ, ಅದೇ ಭಾರದಲ್ಲಿ, ಅದೇ ಉರಿಯುವ ಡಾಂಬರಿನ ಮೇಲೆ ಮನೆ ಸೇರಿದ ಗಾಡಿಯನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ಕರೆಂಟ್ ಯಾವಾಗ ಹೋಗುತ್ತದೋ ಎಂಬ ಗಾಬರಿಯಲ್ಲಿ ಕೂಡಲೇ ಚಾರ್ಜಿಗೆ ಚುಚ್ಚುತ್ತಾರೆ. ನೂರಕ್ಕೆ ನೂರು ತುಂಬಿದ ಬ್ಯಾಟರಿಯನ್ನು ಬಿಸಿಯಲ್ಲಿ ಸುಮ್ಮನೆ ನಿಲ್ಲಿಸಿಡುವುದು ಅದಕ್ಕೆ ಕೊಡಬಹುದಾದ ಅತಿ ದೊಡ್ಡ ಶಿಕ್ಷೆ. ನಾವು ಅದನ್ನೇ ಮುತುವರ್ಜಿ ಎಂದುಕೊಂಡಿದ್ದೇವೆ.

ಹೀಗೆ ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ಬಿಸಿಲು ಒಳಗೊಳಗೇ ಕೆಲಸ ಮುಗಿಸಿರುತ್ತದೆ. ಆದರೆ ಆಗ ಗೊತ್ತಾಗುವುದಿಲ್ಲ. ಬಿಸಿಯಲ್ಲಿ ದ್ರವ ತೆಳ್ಳಗಿರುತ್ತದೆ, ಅಯಾನುಗಳು ಸಲೀಸಾಗಿ ಈಜುತ್ತವೆ, ಗಾಡಿ ಭರ್ಜರಿಯಾಗಿ ಓಡುತ್ತದೆ. ಸಾಯುವ ಮುನ್ನ ದೀಪ ಜೋರಾಗಿ ಉರಿದದ್ದನ್ನು ಜನ ಕಂಪನಿಯ ಕ್ವಾಲಿಟಿ ಎಂದು ಮೆಚ್ಚುತ್ತಾರೆ. ಡಿಸೆಂಬರಿನ ಮುಂಜಾನೆ ಅದೇ ಮುದಿ ಬ್ಯಾಟರಿ ಹದಿಮೂರು ಡಿಗ್ರಿಯಲ್ಲಿ ಎದ್ದಾಗ, ಮೊದಲೇ ಹೆಚ್ಚಿದ್ದ ಒಳತಡೆಯ ಮೇಲೆ ಚಳಿಯ ತಡೆಯೂ ಸೇರುತ್ತದೆ. ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಬಿಎಂಎಸ್ ಹೆದರಿ ಕೈ ಎತ್ತುತ್ತದೆ, ಮೂವತ್ತು ಪರ್ಸೆಂಟ್ ತೋರಿಸುತ್ತಿದ್ದ ಮೀಟರು ಏಕಾಏಕಿ ಹತ್ತಕ್ಕೆ ಜಾರುತ್ತದೆ. ಕೊಲೆ ನಡೆದದ್ದು ಏಪ್ರಿಲ್ಲಿನಲ್ಲಿ, ಹೆಣ ಸಿಕ್ಕಿದ್ದು ಡಿಸೆಂಬರಿನಲ್ಲಿ. ಹೆಣದ ಪಕ್ಕ ಯಾರು ನಿಂತಿದ್ದರು? ಚಳಿ. ಹಿಡಿದು ಒಳಗೆ ಹಾಕಿ.

ಶೋರೂಮಿನ ಪಂಚಾಂಗದಲ್ಲಿ ಇದಕ್ಕೆಲ್ಲ ಜಾಗವಿಲ್ಲ. ಅವರದು ಮೂರೇ ಋತುವಿನ ಪಂಚಾಂಗ. ಜನವರಿಯಲ್ಲಿ ಹೋದರೆ "ಚಳಿ ಸಾರ್." ಆಗಸ್ಟಿನಲ್ಲಿ ಹೋದರೆ "ನೀರು ಹೋಗಿದೆ ಸಾರ್." ಹಾಗಾದರೆ ಏಪ್ರಿಲ್ಲಿನಲ್ಲಿ ಬಿಸಿಲನ್ನು ಒಪ್ಪಿಕೊಳ್ಳುತ್ತಾರೆ ಎಂದುಕೊಂಡಿರಾ? ಇಲ್ಲ. ಆಗ "ನೀವು ಜಾಸ್ತಿ ಓಡಿಸಿದೀರ ಸಾರ್." ಬಿಸಿಲು ಎಂದು ಬಾಯಿಬಿಟ್ಟರೆ ಈ ಸೀಮೆಯಲ್ಲಿ ಗಾಡಿ ಮಾರಿದ್ದೇ ಪ್ರಶ್ನೆಯಾಗುತ್ತದೆ. ಚಳಿ ಎಂದರೆ ಏನೂ ಆಗುವುದಿಲ್ಲ, ಎರಡು ತಿಂಗಳಿಗೆ ತಾನಾಗಿ ಹೋಗುತ್ತದೆ. ಹೋಗುವ ಆರೋಪಿಯ ಮೇಲೆ ಹೊರೆಸುವುದರಲ್ಲೇ ಜಾಣತನ ಇರುವುದು.

"ಹಂಗಾದ್ರೆ ಬ್ಯಾಟ್ರಿ ಬಿಚ್ಚಿ ನೋಡಪ್ಪ" ಎಂದರೆ ಹುಡುಗ ನಗುತ್ತಾನೆ. "ನಾವು ಬಿಚ್ಚಂಗಿಲ್ಲ ಸಾರ್. ಟೆಕ್ನಿಷಿಯನ್ ಬೆಂಗಳೂರಿಂದ ಬರ್ಬೇಕು. ಟಿಕೆಟ್ ರೈಸ್ ಮಾಡಿದೀನಿ." ಟಿಕೆಟ್ ತಗೊಂಡವನು ಬಸ್ಸು ಹತ್ತಿದ್ದಾನೋ ಇಲ್ಲವೋ ಎಂದು ಗಿರಾಕಿ ವಾರಗಟ್ಟಲೆ ಕಾಯುತ್ತಾನೆ.

ಟೆಕ್ನಿಷಿಯನ್ನಿಗಾಗಿ ಕಾಯುವ ಈ ತಾಲ್ಲೂಕು ಅಂತಿಂಥ ತಾಲ್ಲೂಕಲ್ಲ. ಅಮೃತಮಹಲ್ ಕಾವಲಿನ ಹುಲ್ಲುಗಾವಲು ಕೊಟ್ಟು ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳನ್ನೆಲ್ಲ ಕರೆಸಿಕೊಂಡ ತಾಲ್ಲೂಕು. ದನ ಕುರಿ ಮೇಯುತ್ತಿದ್ದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ ಸಿಕ್ಕಿತು. ಇಸ್ರೊ ಬಂತು, ಬಿಎಆರ್‌ಸಿ ಬಂತು, ಡಿಆರ್‌ಡಿಒ ಬಂದು ವಿಮಾನ ಪರೀಕ್ಷಾ ಕೇಂದ್ರ ಕಟ್ಟಿತು. 2017ರಲ್ಲಿ ಅದರ ಉದ್ಘಾಟನೆಯೂ ಆಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊ ತನ್ನ ರೆಕ್ಕೆ ನೌಕೆಯನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ಕೈ ಸಹಾಯವೂ ಇಲ್ಲದೆ ತಾನೇ ದಾರಿ ಹುಡುಕಿಕೊಂಡು ಬಂದು ಇಲ್ಲಿನ ರನ್‌ವೇಯಲ್ಲಿ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ ಇಳಿಯಿತು. ಆಕಾಶದಿಂದ ಬಿಟ್ಟದ್ದು ತಾನೇ ಮನೆಗೆ ಬರುತ್ತದೆ. ತಳಕಿನಿಂದ ಬಿಟ್ಟದ್ದನ್ನು ಟಾಟಾ ಏಸ್‌ನಲ್ಲಿ ಹಾಕಿಕೊಂಡು ಬರಬೇಕು, ಬಾಡಿಗೆ ಬೇರೆ.

ಡಿಆರ್‌ಡಿಒಗೂ ಸ್ಕೂಟರ್ ಬ್ಯಾಟರಿಗೂ ಸಂಬಂಧ ಇಲ್ಲದೇ ಇಲ್ಲ. 2022ರ ಮಾರ್ಚ್, ಏಪ್ರಿಲ್‌ನಲ್ಲಿ ದೇಶದ ಅಲ್ಲಲ್ಲಿ ಬ್ಯಾಟರಿ ಸ್ಕೂಟರುಗಳು ನಿಂತಲ್ಲೇ ಹೊತ್ತಿಕೊಂಡಾಗ, ಕೇಂದ್ರ ಸರ್ಕಾರ ಕಾರಣ ಪತ್ತೆ ಮಾಡಲು ಹೇಳಿದ್ದು ಡಿಆರ್‌ಡಿಒದ ಬೆಂಕಿ ಸುರಕ್ಷತೆಯ ಪ್ರಯೋಗಾಲಯಕ್ಕೇ. ಸೆಲ್ಲುಗಳಲ್ಲಿ ದೋಷ, ಬ್ಯಾಟರಿ ಕಟ್ಟಿದ ರೀತಿಯಲ್ಲಿ ದೋಷ ಎಂದು ತಜ್ಞರು ಕಂಡುಕೊಂಡರು. ಆಮೇಲೆ ಎಐಎಸ್-156 ಎಂಬ ಸುರಕ್ಷತಾ ನಿಯಮ ಬಿಗಿಯಾಗಿ, 2022ರ ಡಿಸೆಂಬರಿನಲ್ಲಿ ಒಂದು ಹಂತ, 2023ರ ಮಾರ್ಚ್ ಕೊನೆಗೆ ಇನ್ನೊಂದು ಹಂತ ಜಾರಿಗೆ ಬಂತು. ಗಮನಿಸಿ, ಆ ಗಾಡಿಗಳು ಹೊತ್ತಿಕೊಂಡದ್ದು ಬಿಸಿಲು ಏರುತ್ತಿದ್ದ ಕಾಲದಲ್ಲಿ. ಚಳಿಗಾಲದಲ್ಲಿ ಅವುಗಳ ಮೇಲೆ ಕೂತು ಕೈ ಕಾಯಿಸಿಕೊಂಡವರು ಯಾರೂ ಇಲ್ಲ.

ಟಿಕೆಟ್ ಆಯಿತು, ಇನ್ನು ವಾರಂಟಿ. ಅದರ ಪುಸ್ತಕ ತೆರೆದರೆ ಮೂರು ವರ್ಷ, ಎಂಟು ವರ್ಷ ಎಂದು ದಪ್ಪಕ್ಷರ. ಅದರ ಕೆಳಗೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಷರತ್ತುಗಳು. ಸಾಮರ್ಥ್ಯ ಎಪ್ಪತ್ತು ಪರ್ಸೆಂಟಿಗಿಂತ ಇಳಿದರೆ ಮಾತ್ರ, ಅದನ್ನು ನಮ್ಮ ಯಂತ್ರವೇ ಅಳೆಯಬೇಕು, ವಿಪರೀತ ಹವಾಮಾನದಲ್ಲಿ ಬಳಸಿರಬಾರದು. ಚಳ್ಳಕೆರೆಯಲ್ಲಿ ಗಾಡಿ ಮಾರಿ ವಿಪರೀತ ಹವಾಮಾನದಲ್ಲಿ ಬಳಸಬಾರದು ಎನ್ನುವುದು, ಮಲ್ಪೆಯಲ್ಲಿ ದೋಣಿ ಮಾರಿ ಉಪ್ಪುನೀರಿಗೆ ಇಳಿಸಬೇಡಿ ಎಂದಂತೆ. ಬರೆದ ಮಾತು ಉಳಿಯುವುದೆಂದರೆ ಹೇಗೆಂದು ನೋಡಬೇಕೇ? ಇದೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಒಬ್ಬ ದೊರೆ ತನ್ನ ಮಾತನ್ನು ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಅವನು ಅಶೋಕ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅದನ್ನು ಪತ್ತೆ ಹಚ್ಚಿದಾಗ ಎರಡು ಸಾವಿರ ಚಿಲ್ಲರೆ ವರ್ಷದ ಬಿಸಿಲು ಉಂಡಿದ್ದರೂ ಓದುವಂತಿತ್ತು. ಕೊನೆಯಲ್ಲಿ ಬರೆದವನು ಚಪಡ ಎಂದು ಲಿಪಿಕಾರನ ಹೆಸರೂ ಇದೆ. ತಪ್ಪಿದ್ದರೆ ಯಾರನ್ನು ಕೇಳಬೇಕೆಂದು ಗೊತ್ತಿತ್ತು. ನನ್ನ ವಾರಂಟಿ ಕಾರ್ಡಿನ ಮೇಲಿನ ಶಾಯಿ ಎರಡನೇ ಬೇಸಿಗೆಗೇ ಮಾಸಿತು. ಅದಕ್ಕೆ ಸಹಿ ಹಾಕಿದವನ ಹೆಸರು ಓದಲು ಇನ್ನೊಬ್ಬ ರೈಸ್ ಬರಬೇಕು.

ಇನ್ನೊಂದು ಬಡವರ ಜಾತಿಯ ಗಾಡಿ ಇದೆ. ನಂಬರ್ ಪ್ಲೇಟು ಬೇಡ, ಲೈಸೆನ್ಸ್ ಬೇಡ, ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟಿನ ಮೋಟಾರಿನದು. ಇವುಗಳಲ್ಲಿ ಎಷ್ಟೋ ಗಾಡಿಗಳಿಗೆ ಇರುವುದು ಹಳೆಯ ಸೀಸ ಮತ್ತು ಆಸಿಡ್ಡಿನ ಬ್ಯಾಟರಿ, ಮನೆಯ ಯುಪಿಎಸ್‌ನ ತಮ್ಮ. ಇದು ಮಾತ್ರ ಚಳಿಗೆ ನಿಜವಾಗಿ ಸ್ವಲ್ಪ ಹೆಚ್ಚು ಮುದುರುತ್ತದೆ. ಒಂದು ಡಿಗ್ರಿ ಇಳಿದರೆ ನೂರಕ್ಕೆ ಒಂದರಂತೆ ಎಂದರೂ ನಮ್ಮ ಚಳಿಗೆ ಹತ್ತು, ಹನ್ನೆರಡು ಪರ್ಸೆಂಟ್ ಹೋದೀತು. ಆದರೆ ಇದರ ಆಯಸ್ಸನ್ನೂ ತಿನ್ನುವುದು ಬಿಸಿಲೇ. ಇಪ್ಪತ್ತೈದರ ಮೇಲೆ ಹತ್ತು ಡಿಗ್ರಿ ಏರಿದ ಕಡೆ ಆಯಸ್ಸು ಅರ್ಧ. ಕೊಂಡವರು ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯರು, ಹೂವಿನವರು, ಪಿಂಚಣಿದಾರರು. ಅವರ ಬ್ಯಾಟರಿ ಎರಡನೇ ವರ್ಷಕ್ಕೆ ಕೈಕೊಟ್ಟಾಗ ಅಂಗಡಿಯವನು "ನೋಡ್ರಮ್ಮ, ಚಳಿ" ಎಂದು ಹೊಸ ಬ್ಯಾಟರಿಯ ರೇಟು ಹೇಳುತ್ತಾನೆ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ಕಂಬಳಿಯ ಮೇಷ್ಟ್ರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಚಳಿಗಾಲದಲ್ಲಿ ಚಾರ್ಜ್ ಬೆಳಗಿನ ಜಾವಕ್ಕೆ ಮುಗಿಯುವಂತೆ ಹಾಕಿ, ಚಾರ್ಜ್ ಆದ ಕಾವಿನಲ್ಲೇ ಹೊರಡಿ, ಮೊದಲ ಒಂದೆರಡು ಮೈಲಿ ಆಕ್ಸಿಲರೇಟರ್ ಹಿಂಡಬೇಡಿ, ಟೈರಿಗೆ ಗಾಳಿ ನೋಡಿ. ಅಷ್ಟಕ್ಕೆ ಚಳಿಯ ಲೆಕ್ಕ ಚುಕ್ತಾ. ನಿಮ್ಮ ಉಪಚಾರವನ್ನೆಲ್ಲ ಬೇಸಿಗೆಗೆ ಎತ್ತಿಡಿ. ಬೇವಿನ ಮರವೋ ಹೊಂಗೆಯೋ ಹುಡುಕಿ ನಿಲ್ಲಿಸಿ. ಬಿಸಿಲಿನಿಂದ ಬಂದ ಗಾಡಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು ಆಮೇಲೆ ಚಾರ್ಜ್ ಹಾಕಿ. ಲಿಥಿಯಂ ಗಾಡಿಯಾಗಿದ್ದು ಮರುದಿನ ದೂರ ಹೋಗುವುದಿಲ್ಲವಾದರೆ ಎಂಬತ್ತಕ್ಕೆ ನಿಲ್ಲಿಸಿ. ಲಿಥಿಯಂ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ ಊರಿಗೆ ಹೋಗುವುದಾದರೆ ಅರ್ಧ ಚಾರ್ಜ್ ಸಾಕು.

ಮುಂದಿನ ಸಲ ಯಾರಾದರೂ "ಚಳಿ ಸಾರ್" ಎಂದರೆ ಜಗಳ ಆಡಬೇಡಿ. ಬ್ಯಾಟರಿಯ ಆರೋಗ್ಯ ಎಷ್ಟು ಪರ್ಸೆಂಟ್ ಇದೆ ಎಂದು ಯಂತ್ರಕ್ಕೆ ಹಾಕಿಸಿ, ಆ ವರದಿಯನ್ನು ಕಾಗದದ ಮೇಲೆ ದಿನಾಂಕ, ಸಹಿ ಸಮೇತ ಕೇಳಿ. ವಾರಂಟಿಯೊಳಗೇ ಎಪ್ಪತ್ತಕ್ಕಿಂತ ಕೆಳಗಿದ್ದರೆ ಆರೋಪಿ ಚಳಿಯಲ್ಲ, ಗಾಡಿ ಮಾರಿದವರೇ. ಕೊಡದಿದ್ದರೆ ಚಿತ್ರದುರ್ಗದ ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆಯಿರಿ, ಅದಕ್ಕೆ ವಕೀಲರೇ ಬೇಕೆಂದಿಲ್ಲ. ಆದರೆ ಇಷ್ಟೂ ಕೆಲಸ ಶಿವರಾತ್ರಿಯ ಒಳಗೆ ಆಗಲಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂಬುದು ಶೋರೂಮಿನವರಿಗೂ ಗೊತ್ತು. ಆಮೇಲೆ ಹೋದರೆ ತಪ್ಪು ನಿಮ್ಮದೇ ಆಗಿರುತ್ತದೆ.